ಪದ್ಮಯ್ಯನ ಎಕ್ಸ್‌ರೇ ದಿಗ್ವಿಜಯ

ಬೇರೆ ಗಂಡಸರು ಮದುವೆಗೆ ಹೋಗುವಾಗ ಕೈಗೆ ಗಡಿಯಾರ ಕಟ್ಟಿಕೊಳ್ಳುತ್ತಾರೆ. ಕಲ್ಲುಗುಂಡಿಯ ಪದ್ಮಯ್ಯ ಕಂಕುಳಲ್ಲಿ ಎಕ್ಸ್‌ರೇ ಇಟ್ಟುಕೊಳ್ಳುತ್ತಿದ್ದ. ಅರಸರ ಪಟ್ಟದ ಕತ್ತಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ. "ಕಾಲು ಹೇಗುಂಟು?" ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಸಾಕು, ಫಿಲ್ಮು ಸರ್ರನೆ ಕವರಿನಿಂದ ಹೊರಬಂದು ಸೂರ್ಯನಿಗೆ ಅಡ್ಡ ನಿಲ್ಲುತ್ತಿತ್ತು. ಸಂಪಾಜೆಯಿಂದ ಸುಳ್ಯದವರೆಗೆ ಅವನ ಮುಖದ ಪರಿಚಯ ಇಲ್ಲದವರಿಗೂ ಅವನ ಎಲುಬಿನ ಪರಿಚಯ ಇತ್ತು.

ಎರಡು ವರ್ಷದ ಹಿಂದೆ ಘಾಟಿಯ ತಿರುವಿನಲ್ಲಿ ಬೈಕು ಜಾರಿ, ಎಡ ಮೊಣಕಾಲಿನ ಕೆಳಗಿನ ಎಲುಬು ಚರ್ಮ ಹರಿದು ಹೊರಬಂದು ಕೆಸರು ಮುಟ್ಟಿತ್ತು. ಪ್ಲೇಟು, ಸ್ಕ್ರೂ ಹಾಕಿದರು. ಎಲುಬು ಕೂಡಿತು ಎಂಬುದಕ್ಕೆ ಈ ಫಿಲ್ಮೇ ಸಾಕ್ಷಿ.

ಸಾಕ್ಷಿ ಬೇಕಾದದ್ದು ಪಾಯಸಕ್ಕಾಗಿ. ಪದ್ಮಯ್ಯ ಹೊಟ್ಟೆಪಾಡಿಗೆ ಆಟೋ ಓಡಿಸುತ್ತಿದ್ದನಾದರೂ ಅವನ ನಿಜವಾದ ಸಾಮ್ರಾಜ್ಯ ಪಾಯಸದ ಬಾಲ್ದಿ. ನೆರೆಕರೆಯ ಮದುವೆಗಳಲ್ಲಿ ಬಡಿಸುವುದು ನೆರೆಕರೆಯವರೇ. ಪಾಯಸ ಮಾತ್ರ ಅವನದು, ಇನ್ನೊಬ್ಬರು ಮುಟ್ಟುವಂತಿಲ್ಲ. ಕುಂಟುವವನ ಕೈಗೆ ಬಿಸಿ ಬಾಲ್ದಿ ಯಾರು ಕೊಡುತ್ತಾರೆ? ಈಗಂತೂ ಅಣ್ಣನ ಮಗಳು ಮೋಕ್ಷಿತಾಳ ಮದುವೆಯೇ ಹತ್ತಿರ ಬರುತ್ತಿತ್ತು.

ಆದರೆ ಫಿಲ್ಮಿನಲ್ಲಿ ಕಾಣದ ಒಂದು ಸಾಸಿವೆಯಷ್ಟು ತೂತು ಕಾಲಿನ ಮೇಲಿತ್ತು. ಕೀವು ಜಿನುಗುವುದು, ಮುಚ್ಚುವುದು, ಮತ್ತೆ ಜಿನುಗುವುದು. ಅದನ್ನು ಅಡಗಿಸಲು ಅವನು ಪಂಚೆ ಬಿಟ್ಟು ಪ್ಯಾಂಟು ಹಿಡಿದ.

"ಪದ್ಮಣ್ಣ, ಮದುಮಗನ ಹಾಗೆ ದಿನಾ ಪ್ಯಾಂಟು ಎಂತಕ್ಕೆ?" ಎಂದ ಆಟೋ ಸ್ಟ್ಯಾಂಡಿನೆದುರು ದಿನಸಿ ಅಂಗಡಿ ಇಟ್ಟ ಅಲಿ ಕುಂಞಿ.

"ಸೊಳ್ಳೆ, ಮಾರಾಯ."

ಅಲಿ ಕುಂಞಿ ಪ್ಯಾಂಟಿನ ಮೇಲಿನ ಒದ್ದೆ ಕಲೆ ನೋಡಿದ. "ಸೊಳ್ಳೆ ಎಡಗಾಲಿಗೆ ಮಾತ್ರ ಕಚ್ಚುದಾ?"

ಬಟ್ಟೆ ಒಗೆಯುವ ಹೆಂಡತಿ ಪ್ರೇಮಾವತಿಗೆ ಸೊಳ್ಳೆಯ ಕಥೆ ನಡೆಯಲಿಲ್ಲ. ಒಂದು ಬೆಳಿಗ್ಗೆ ಅವಳು ಅಲಿ ಕುಂಞಿಯನ್ನೂ ಕರೆದುಕೊಂಡು ಬಂದು ಗಂಡನ ಆಟೋದಲ್ಲೇ ಕುಳಿತಳು. "ಬಾಡಿಗೆ ಉಂಟು. ಸುಳ್ಯದ ಎಲುಬಿನ ಡಾಕ್ಟ್ರಲ್ಲಿಗೆ."

"ಯಾರಿಗೆ ಹುಷಾರಿಲ್ಲ?"

"ಡ್ರೈವರಿಗೆ."

ಸ್ಟ್ಯಾಂಡಿನವರೆಲ್ಲ ನೋಡುತ್ತಿದ್ದರು. ಬಂದ ಬಾಡಿಗೆ ಬಿಟ್ಟವನು ಎಂಬ ಹೆಸರು ಪದ್ಮಯ್ಯನಿಗೆ ಬೇಡವಾಗಿತ್ತು. ಹೊರಟ.

ಡಾಕ್ಟರ್ ಗೌರೀಶಂಕರರ ಎದುರು ಎಕ್ಸ್‌ರೇ ಕಿಟಕಿಗೆ ಹಿಡಿದು ನಿಂತ. ಅವರು ನೋಡಿದ್ದು ಕಾಲನ್ನು.

"ಎಲುಬು ಕೂಡಿದೆ, ಸರಿ. ಒಳಗೆ ಸೋಂಕು ಎಲ್ಲಿವರೆಗೆ ಹೋಗಿದೆ ಅಂತ ಇದು ಹೇಳುದಿಲ್ಲ. ಉದ್ದಕ್ಕೂ ಹರಡಿದ್ರೆ ಎಲುಬಿನ ಒಂದು ತುಂಡನ್ನೇ ತೆಗೀಬೇಕಾದೀತು. ಒಂದೇ ಕಡೆ ಇದ್ರೆ ಅಷ್ಟು ಮಾತ್ರ ಕೆರೆದು ತೆಗೆದ್ರೆ ಸಾಕು. ಮಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿ."

"ತುಂಡು ತೆಗೆದ್ರೆ ಮೊದಲಿನ ಹಾಗೆ ನಿಲ್ಲುದು ಯಾವಾಗ?"

"ವರ್ಷ ಕಳೀಬಹುದು. ಕೆಲವರಿಗೆ ಮೊದಲಿನ ಹಾಗೆ ಆಗುದೇ ಇಲ್ಲ."

ದಿಗ್ವಿಜಯಿ ಮೊದಲ ಸಲ ಫಿಲ್ಮನ್ನು ತಾನಾಗಿಯೇ ಕವರಿಗೆ ಹಾಕಿದ.

ಮಂಗಳೂರಿನಲ್ಲಿ ಸಕ್ಕರೆಯಂಥದೊಂದು ಮದ್ದನ್ನು ನರಕ್ಕೆ ಚುಚ್ಚಿದರು. ಒಳಗೆ ಎಲ್ಲಿ ಜಗಳ ನಡೆಯುತ್ತಿದೆಯೋ ಅಲ್ಲಿ ಅದು ಹೆಚ್ಚು ಸೇರಿ, ಚಿತ್ರದಲ್ಲಿ ಹೊಳೆಯುತ್ತದೆ ಎಂದರು. ಪದ್ಮಯ್ಯನಿಗೆ ತಟ್ಟನೆ ಅರ್ಥವಾಯಿತು. ಪಂಕ್ತಿಯಲ್ಲಿ ಸಿಹಿ ಯಾವ ಎಲೆಯಲ್ಲಿ ಮಾಯವಾಗುತ್ತದೆ ಎಂದು ನೋಡಿಯೇ ಅವನು ಹೊಟ್ಟೆಬಾಕರನ್ನು ಹಿಡಿಯುತ್ತಿದ್ದದ್ದು. ಯಂತ್ರದ ಕೊಳವೆಯೊಳಗೆ ಅಲುಗಾಡದೆ ಮಲಗಿ, ಈ ಪಂಕ್ತಿಯಲ್ಲಿ ಹೊಟ್ಟೆಬಾಕ ಒಬ್ಬನೇ ಇರಲಿ ಎಂದು ಸುಬ್ರಹ್ಮಣ್ಯನಿಗೆ ಹರಕೆ ಹೊತ್ತ.

ಒಬ್ಬನೇ ಇದ್ದ. ಒಂದು ಸ್ಕ್ರೂವಿನ ಬುಡದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ. ಉಳಿದ ಎಲುಬು ತಣ್ಣಗಿತ್ತು. ಪ್ಲೇಟು, ಸ್ಕ್ರೂ ತೆಗೆದು, ಆ ಜಾಗದ ಸತ್ತ ಎಲುಬನ್ನಷ್ಟೇ ಕೆರೆದು, ಅದರೊಳಗಿನ ರೋಗಾಣು ಯಾವುದೆಂದು ಪರೀಕ್ಷಿಸಿ, ಅದಕ್ಕೆ ತಕ್ಕ ಮದ್ದನ್ನು ವಾರಗಟ್ಟಲೆ ಕೊಟ್ಟರು. ಊರುಗೋಲು ಮೂಲೆ ಸೇರುವ ಹೊತ್ತಿಗೆ ತೂತು ಮುಚ್ಚಿತ್ತು, ಮತ್ತೆ ತೆರೆಯಲಿಲ್ಲ.

ಮೋಕ್ಷಿತಾಳ ಮದುವೆಯಲ್ಲಿ ಪದ್ಮಯ್ಯ ಪಂಚೆ ಎತ್ತಿಕಟ್ಟಿ, ಬಾಲ್ದಿ ಹಿಡಿದು ಹೊರಟ. ಕಂಕುಳು ಖಾಲಿ. ಆ ಬಣ್ಣದ ಚಿತ್ರ ನೋಡಲೆಂದೇ ಬಂದಂತೆ ಪಂಕ್ತಿಯಿಡೀ ಕತ್ತು ಉದ್ದ ಮಾಡಿತು. ಕೊನೆಗೆ ಅಲಿ ಕುಂಞಿಯೇ ಕೇಳಿದ: "ಪದ್ಮಣ್ಣ, ಹೊಸ ಫೋಟೊ ಎಲ್ಲಿ? ಎಲ್ಲರೂ ಕಾಯ್ತಾ ಇದ್ದಾರೆ. ತೋರಿಸುದಿಲ್ವಾ?"

ಪದ್ಮಯ್ಯ ಸೌಟು ಎತ್ತಿದ.

"ಕಾಲೇ ಬಂದಿದೆಯಲ್ಲ, ಮಾರಾಯ. ಪಾಯಸ ಬೇಕಾ, ಬೇಡ್ವಾ?"