ಹಿಂದಕ್ಕೆ ತಿರುಗಿದ ವಿಮಾನ

ನಮ್ಮ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ರೆಕ್ಕೆಯಕ್ಕ ಎಂದೇ ಕರೆಯುತ್ತಿದ್ದರು. ಹಕ್ಕಿಯಾಗಲಿ, ನೊಣವಾಗಲಿ, ವಿಮಾನವಾಗಲಿ, ಕಾರ್ಟೂನ್ ಸಿನಿಮಾದಲ್ಲಿ ಹಾರುವುದೆಲ್ಲ ಅವಳ ಮೇಜಿಗೆ ಹೋಗುತ್ತಿತ್ತು. ಪಕ್ಕದ ಮೇಜಿನಲ್ಲಿ ನಾನು ಹಿನ್ನೆಲೆ ಬರೆಯುತ್ತಿದ್ದೆ: ಮರ, ಮೋಡ, ಗುಡ್ಡ. ಮೂವತ್ತು ವರ್ಷ ಅವಳ ವಿಮಾನಗಳು ನನ್ನ ಕಾಡಿನ ಮೇಲೆ ಹಾರಿವೆ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು, ಆದರೂ ಅಕ್ಕ ಎನ್ನುತ್ತೇನೆ. ಅಷ್ಟು ಗದರುವವಳನ್ನು ತಂಗಿ ಎನ್ನಲು ಯಾರಿಗೆ ಧೈರ್ಯ?

ಬಾಯಿ ಜೋರು, ಆದರೆ ಮಹಾ ಪುಕ್ಕಲು. ಲಿಫ್ಟ್ ಹತ್ತುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ಎರಡೆರಡು ಸಲ ಮನೆಗೆ ಓಡುತ್ತಾಳೆ. ಸಾವಿರಾರು ವಿಮಾನ ಬರೆದವಳು ಒಂದನ್ನೂ ಹತ್ತಿಲ್ಲ. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಅಂದಿನಿಂದ ಅವಳ ಹೆದರಿಕೆಯೆಲ್ಲ ಆ ಒಂದು ಜೀವದ ಸುತ್ತಲೇ ಸುತ್ತುತ್ತದೆ.

ಮರುವರ್ಷ ನಮಗೆ ಆ ಸಿನಿಮಾ ಬಂತು. ದಾರಿಯಿಲ್ಲದ ಕಾಡುಗಳ ನಡುವೆ ಸಣ್ಣ ವಿಮಾನದಲ್ಲಿ ಟಪಾಲು, ಔಷಧ ಹೊತ್ತು ಹಾರುತ್ತಿದ್ದ ಹಳೆಯ ಕಾಲದ ಪೈಲಟ್ ಒಬ್ಬನ ಕಥೆ. ಎಲ್ಲವೂ ನಿಜವಾಗಿರಬೇಕೆಂದು ಡೈರೆಕ್ಟರ್ ಹಟ ಹಿಡಿದು, ಆ ಕೆಲಸವನ್ನೇ ಮಾಡಿ ಬದುಕುಳಿದಿದ್ದ ಎಂಬತ್ತು ದಾಟಿದ ಮುದುಕರೊಬ್ಬರನ್ನು ಕರೆಸಿದ. ಪೈಲಟ್ ತಾತ ದಿನಾ ಬೆಳಿಗ್ಗೆ ಬಂದು ಅಕ್ಕನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಚಳಿಗೆ ಗಟ್ಟಿಯಾಗದಿರಲೆಂದು ಎಂಜಿನ್ನಿನ ಎಣ್ಣೆಯನ್ನು ಡಬ್ಬಕ್ಕೆ ಇಳಿಸಿ, ಮಲಗುವ ಕೋಣೆಗೆ ಒಯ್ದು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ಮತ್ತೆ ಸುರಿಯುತ್ತಿದ್ದುದನ್ನು ಹೇಳಿದರು. ಹೊಳೆಯ ಮರಳದಿಣ್ಣೆಯ ಮೇಲೆ ಇಳಿಯುವ ಮೊದಲು ಗಾಲಿಯನ್ನು ಒಮ್ಮೆ ಮರಳಿಗೆ ಉಜ್ಜಿ ಮೇಲೇರಿ, ಸುತ್ತು ಹೊಡೆದು ಬಂದು ಆ ಗೀರಿನಲ್ಲಿ ನೀರು ಒಸರಿದೆಯೇ ಎಂದು ನೋಡುತ್ತಿದ್ದರಂತೆ. ಒಸರಿದ್ದರೆ ನೆಲ ಮೆದು, ಇಳಿದರೆ ಕಥೆ ಮುಗಿಯಿತು. ಅಕ್ಕ ಒಂದನ್ನೂ ಬಿಡದೆ ಬರೆದಳು. ತಪ್ಪಿದರೆ ತಾತ ಬೆತ್ತದಿಂದ ನೆಲ ಕುಟ್ಟುತ್ತಿದ್ದರು.

ಕೊನೆಯ ದೃಶ್ಯದಲ್ಲಿ ಅವರು ನೆಲ ಕುಟ್ಟಲಿಲ್ಲ. ಎದ್ದು ನಿಂತರು. ಅದರಲ್ಲಿ ವಿಮಾನ ನೆಲ ಬಿಟ್ಟು ಮರಗಳ ಎತ್ತರಕ್ಕೆ ಏರುವಷ್ಟರಲ್ಲಿ ಎಂಜಿನ್ ನಿಲ್ಲುತ್ತದೆ. ನಾಯಕ ಹಲ್ಲು ಕಚ್ಚಿ ಸರ್ರನೆ ಹಿಂದಕ್ಕೆ ತಿರುಗಿಸಿ, ಬಿಟ್ಟ ಜಾಗಕ್ಕೇ ಬಂದು ಇಳಿಯುತ್ತಾನೆ.

"ಇಲ್ಲಿಗೆ ನಿಮ್ಮ ನಾಯಕ ಸತ್ತ ನೋಡಮ್ಮ," ಎಂದರು ತಾತ. "ಎಂಜಿನ್ ನಿಂತ ಮೇಲೆ ಉಳಿಯೋದು ವೇಗ ಒಂದೇ. ಅಷ್ಟು ಕೆಳಗೆ ತಿರುಗಿಸಿದ್ರೆ ಅದೂ ಹೋಯ್ತು. ಒಂದು ರೆಕ್ಕೆ ಕೈಬಿಡುತ್ತೆ, ಮೂಗು ನೆಲಕ್ಕೆ. ಮುಂದೆ ಮರ ಇರ್ಲಿ, ಕಲ್ಲಿರ್ಲಿ, ಮೂಗು ತಗ್ಗಿಸಿ ನೇರ ಹೋಗ್ಬೇಕು. ಕೈಕಾಲು ಮುರಿಯುತ್ತೆ, ಜೀವ ಉಳಿಯುತ್ತೆ. ನನ್ನ ಜೊತೆ ಹಾರ್ತಿದ್ದ ಒಂಬತ್ತು ಜನದಲ್ಲಿ ನಾಲ್ಕು ಜನ ಹೀಗೆ ಹಿಂದೆ ತಿರುಗಿಸೇ ಹೋದ್ರು."

ಡೈರೆಕ್ಟರ್ ಒಪ್ಪಲಿಲ್ಲ. "ತಾತ, ವಿಮಾನ ಮರಕ್ಕೆ ಗುದ್ದೋದನ್ನ ತೋರಿಸಿದ್ರೆ ಮಕ್ಕಳು ಅಳ್ತಾರೆ. ಅಕ್ಕ, ನೀನು ತಿರುಗಿಸು," ಎಂದ. ತಾತ ಮರುದಿನದಿಂದ ಬರಲಿಲ್ಲ. ಅಕ್ಕ ತಿರುಗಿಸಿದಳು. ಹನ್ನೊಂದು ಸೆಕೆಂಡಿಗೆ ನೂರಮೂವತ್ತೆರಡು ಚಿತ್ರ. ಇಳಿಯುವ ಜಾಗ ಸಾಲದೆಂದು ಡೈರೆಕ್ಟರ್ ಹೇಳಿದಾಗ ನಾನೂ ಬಾಯಿ ಮುಚ್ಚಿಕೊಂಡು ಎಂಟು ಮರ ಅಳಿಸಿದೆ. ಸಂಬಳ ತೆಗೆದುಕೊಂಡು ಮಾಡಿದ ಕೆಲಸ ಅದು, ಬಲವಂತವೇನಿರಲಿಲ್ಲ.

ಸಿನಿಮಾ ಎಷ್ಟು ಓಡಿತೆಂದರೆ, ಮಕ್ಕಳಿದ್ದ ಮನೆಗಳಲ್ಲೆಲ್ಲ ಆ ಕೆಂಪು ವಿಮಾನ ಗೋಡೆ ಹತ್ತಿತು. ಅಕ್ಕನ ಮಗಳಂತೂ ಊಟಕ್ಕೆ ಕೂತಾಗಲೆಲ್ಲ ಅದೇ ಬೇಕೆಂದು ರಚ್ಚೆ ಹಿಡಿಯುತ್ತಿದ್ದಳು. ಎಂಜಿನ್ ನಿಂತ ಕೂಡಲೇ ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸುವಳು. ನಾವು ನಗುತ್ತಿದ್ದೆವು. ಅದೇ ಹುಡುಗಿ ಇಪ್ಪತ್ತೈದಕ್ಕೆ ಪೈಲಟ್ ಆದಳು. ದೊಡ್ಡ ವಿಮಾನದ ಕೆಲಸ ಬೇಡವೆಂದು, ಕಾಡಿನ ಊರುಗಳಿಗೆ ಔಷಧ ಒಯ್ಯುವ ಸಣ್ಣ ಕಂಪನಿಗೆ ಸೇರಿದಳು. ಸುದ್ದಿ ಕೇಳಿದ ಅಕ್ಕ ಆ ಚಮಚವನ್ನೇ ನೆನೆಸಿ ಬೇಡವೇ ಬೇಡ ಎಂದಳು.

"ಅಮ್ಮ, ಹಿಂದೆ ತಿರುಗಿಸ್ಬಾರ್ದು ಅಂತ ಮೊದಲನೇ ತಿಂಗಳೇ ಹೇಳ್ಕೊಡ್ತಾರೆ. ಪರೀಕ್ಷೇಲೂ ಬರ್ದಿದೀನಿ," ಎಂದಳು ಮಗಳು.

"ಪರೀಕ್ಷೆ ಬರೆಯೋದು ತಲೆ ಕಣೇ. ಆಗ ತಿರುಗಿಸೋದು ಕೈ. ಕೈಗೆ ನಿನ್ನ ಐದನೇ ವಯಸ್ಸಿಂದ ಪಾಠ ಮಾಡಿರೋಳು ನಾನು."

ಅಲ್ಲಿಂದ ಶುರುವಾಯಿತು ಅವಳ ಹುಚ್ಚು. ಮಗಳು ರಜೆಗೆ ಬಂದಾಗ ತರಕಾರಿ ಹೆಚ್ಚುತ್ತಿರಲಿ, ತಲೆ ಬಾಚುತ್ತಿರಲಿ, ಅಕ್ಕ ಬೆನ್ನ ಹಿಂದೆ ಬಂದು ಚಪ್ಪಾಳೆ ತಟ್ಟಿ "ನಿಂತೋಯ್ತು!" ಎಂದು ಕೂಗುವಳು. ಮಗಳು ಕೈಯಲ್ಲಿದ್ದುದನ್ನು ಬಿಟ್ಟು, ಎರಡೂ ಮುಷ್ಟಿಯನ್ನು ಮುಂದಕ್ಕೆ ತಳ್ಳಿ "ಮೂಗು ಕೆಳಗೆ, ನೇರ!" ಎನ್ನಬೇಕು. ಒಮ್ಮೆ ಮಗಳ ಕೈ ಒಂದಿಷ್ಟು ಎಡಕ್ಕೆ ವಾಲಿತೆಂದು ಅಕ್ಕ ಆ ದಿನ ಊಟ ಮಾಡಲಿಲ್ಲ. ಒಂದು ವರ್ಷ ಸಹಿಸಿಕೊಂಡ ಹುಡುಗಿ ಕೊನೆಗೆ ಸಿಡಿದೇಬಿಟ್ಟಳು. "ಸಾಕಮ್ಮ! ಹೆದರಿಸಿ ಹೆದರಿಸಿ ಈಗ ನನಗೆ ಪ್ರತಿ ಸಲ ನೆಲ ಬಿಡುವಾಗ ಎಂಜಿನ್ ಸದ್ದಲ್ಲೂ ನಿನ್ನ ಚಪ್ಪಾಳೆಯೇ ಕೇಳಿಸುತ್ತೆ. ಇನ್ನೊಂದು ಸಲ ಚಪ್ಪಾಳೆ ತಟ್ಟಿದ್ರೆ ಈ ಮನೆಗೆ ಕಾಲಿಡಲ್ಲ." ಅಕ್ಕ ನಿಲ್ಲಿಸಿದಳು. ಮಗಳಿಗೆ ತಾನೇ ಕೇಡು ಬರೆದಿಟ್ಟಿದ್ದೇನೆ ಎಂದು ನನ್ನ ಮುಂದೆ ಅತ್ತಳು. ಮರ ಅಳಿಸಿದವಳು ನಾನೇ.

ಮೂರು ತಿಂಗಳ ನಂತರ ಒಂದು ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಫೋನ್ ಬಂತು. ಅಮ್ಮ ಗಾಬರಿಯಾಗುತ್ತಾಳೆಂದು ಹುಡುಗಿ ಕಂಪನಿಗೆ ನನ್ನ ನಂಬರ್ ಕೊಟ್ಟಿದ್ದಳು. ಮೈದಾನದಿಂದ ಎದ್ದ ಕೂಡಲೇ ವಿಮಾನ ಬಿದ್ದಿದೆ, ಒಳಗೆ ಇಬ್ಬರು, ಜನ ಓಡಿದ್ದಾರೆ, ಇನ್ನೇನೂ ಗೊತ್ತಿಲ್ಲ ಎಂದ ಆಫೀಸಿನವನು. ಅಕ್ಕನ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವಳು ನನ್ನ ಮುಖ ನೋಡಿದವಳೇ ಚಪ್ಪಲಿ ಮೆಟ್ಟಿದಳು. ಅಂದು ಗ್ಯಾಸ್ ನೋಡಲು ವಾಪಸು ಹೋಗಲಿಲ್ಲ.

ಮೈದಾನಕ್ಕೆ ಎರಡು ಗಂಟೆಯ ದಾರಿ. ಕಾರು ಓಡಿಸುತ್ತಲೇ ಫೋನಿನಲ್ಲಿ ಕೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅಕ್ಕ ಅಳಲಿಲ್ಲ, ದೇವರನ್ನು ಕರೆಯಲಿಲ್ಲ. ಐದೈದು ನಿಮಿಷಕ್ಕೆ ಆಫೀಸಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು. "ಮೂಗು ಯಾವ ಕಡೆಗಿದೆ?"

"ಯಾರ ಮೂಗು ಮೇಡಂ?"

"ವಿಮಾನದ್ದು ಕಣಪ್ಪ! ಮೈದಾನದ ಕಡೆಗಿದೆಯಾ, ಆ ಕಡೆಗಿದೆಯಾ?"

ಅವನು ಇವಳಿಗೆ ತಲೆಕೆಟ್ಟಿದೆ ಎಂದುಕೊಂಡಿರಬೇಕು, ಸಮಾಧಾನ ಹೇಳತೊಡಗಿದ. ನನಗೆ ಮಾತ್ರ ಅರ್ಥವಾಗಿತ್ತು. ಮೂಗು ಮೈದಾನದ ಕಡೆಗಿದ್ದರೆ ಹುಡುಗಿ ತಿರುಗಿಸಿದ್ದಾಳೆ. ತಿರುಗಿಸಿದ್ದರೆ ನಾವು ಹೆಣ ನೋಡಲು ಹೋಗುತ್ತಿದ್ದೇವೆ. ಆರನೇ ಸಲವೋ ಏಳನೇ ಸಲವೋ ಅವನು ಯಾರನ್ನೋ ಕೂಗಿ ಕೇಳಿದ. ಫೋನಿನಲ್ಲಿ ಕುರ್ಚಿ ಸರಿದದ್ದು, ಬಾಗಿಲು ಬಡಿದದ್ದು ಕೇಳಿಸಿತು. ಅಷ್ಟು ಹೊತ್ತೂ ಅಕ್ಕನ ಉಗುರು ನನ್ನ ತೋಳಿಗೆ ಇಳಿದಿತ್ತು.

"ಹೊಳೆ ಕಡೆಗಿದೆಯಂತೆ ಮೇಡಂ."

"ಹೊಳೆ ಎಲ್ಲಿದೆ?"

"ಮುಂದೆ. ಮೈದಾನದಾಚೆ. ವಿಮಾನ ಏರ್ತಾ ಹೋಗೋ ದಿಕ್ಕಿಗೆ."

ಅಕ್ಕ ಫೋನ್ ಮಡಿಲಲ್ಲಿಟ್ಟುಕೊಂಡು "ನೇರ ಹೋಗಿದಾಳೆ" ಎಂದಳು. ಆಮೇಲೆ ಅಳು ಬಂತು. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಲೇಬೇಕಾಯಿತು.

ನಾವು ಆಸ್ಪತ್ರೆ ಮುಟ್ಟಿದಾಗ ಹುಡುಗಿಗೆ ಎಚ್ಚರವಿತ್ತು. ಭುಜದ ಎಲುಬು, ಎರಡು ಪಕ್ಕೆಲುಬು ಮುರಿದಿದ್ದವು. ಮುಖವೆಲ್ಲ ಗೀರು. ಅಕ್ಕ ಅವಳ ಕಾಲ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ನನ್ನ ಕೈ ತಿರುಗಲಿಲ್ಲಮ್ಮ," ಎಂದಳು ಹುಡುಗಿ, ಉಸಿರು ಹಿಡಿದು ಹಿಡಿದು. "ಔಷಧದ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ನರ್ಸು 'ಹಿಂದೆ ತಿರುಗಿಸು, ಹಿಂದೆ ತಿರುಗಿಸು' ಅಂತ ಕಿರುಚ್ತಾ ನನ್ನ ಕೈಯನ್ನ ಎರಡೂ ಕೈಯಲ್ಲಿ ಹಿಡಿದು ಎಳೆದ್ರು. ಮೊಣಕೈಯಲ್ಲಿ ಅವರ ಮುಖಕ್ಕೇ ಹೊಡೆದೆ. ಇಲ್ಲಾಂದ್ರೆ ತಿರುಗಿಯೇ ಬಿಡ್ತಿತ್ತು."

ಆ ನರ್ಸನ್ನು ಮರುದಿನ ಅದೇ ವಾರ್ಡಿನ ಕಿಟಕಿಯ ಬಳಿ ತಂದು ಮಲಗಿಸಿದರು. ಮೂವತ್ತರ ಆಸುಪಾಸಿನ ಹೆಂಗಸು. ಮೂಗು ಊದಿತ್ತು, ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಅಕ್ಕ ಎದ್ದು ಅವಳ ಬಳಿ ಹೋದಳು. ನಾನೂ ಹಿಂದೆ ಹೋದೆ.

"ನೀವು ಅವರಮ್ಮಾನಾ?" ಎಂದಳು ನರ್ಸು. "ನಿಮ್ಮ ಮಗಳು ತಿರುಗಿಸಿದ್ರೆ ನನ್ನ ಕಾಲು ಉಳೀತಿತ್ತು. ಮೈದಾನ ಹಿಂದೇನೇ ಇತ್ತು. ನಾನು ಬೇಡ್ಕೊಂಡೆ."

"ತಿರುಗಿಸಿದ್ರೆ ಇಬ್ಬರೂ ಉಳೀತಿರ್ಲಿಲ್ಲಮ್ಮ."

"ಯಾಕೆ ಉಳಿಯಲ್ಲ? ತಿರುಗಿಸ್ಬಹುದು. ನಾನು ಚಿಕ್ಕೋಳಿದ್ದಾಗಿಂದ ನೋಡಿದೀನಿ." ಸಿನಿಮಾದ ಹೆಸರು ಹೇಳಿದಳು. "ನನ್ನ ಮಕ್ಕಳೂ ದಿನಾ ಅದನ್ನೇ ನೋಡ್ತಾರೆ."

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. "ಅದನ್ನ ಬರ್ದೋಳು ನಾನೇ. ಅದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೂ ಬರ್ದೆ."

ನರ್ಸು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಮಗಳ ತಪ್ಪು ಮುಚ್ಚೋಕೆ ಏನು ಬೇಕಾದ್ರೂ ಹೇಳ್ತೀರ. ಮರಳಲ್ಲಿ ಗಾಲಿ ಉಜ್ಜಿ ನೋಡೋದೂ ಅದ್ರಲ್ಲಿದೆ, ನಿಜವಾಗ್ಲೂ ಹಾಗೇ ಮಾಡ್ತಾರೆ. ಮಿಕ್ಕಿದ್ದನ್ನೆಲ್ಲ ಅಷ್ಟು ನಿಜ ಬರ್ದೋರು ಅದೊಂದನ್ನ ಸುಳ್ಳು ಬರೀತಾರಾ?"

ಅಕ್ಕ ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತಳು. ಆ ಕಡೆಯಿಂದ ಮಗಳು ಎರಡು ಸಲ ಕರೆದಳು, ಅಕ್ಕ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸಿನ ಗಂಡ ಇಬ್ಬರು ಚಿಕ್ಕ ಮಕ್ಕಳನ್ನು ಕೈಹಿಡಿದುಕೊಂಡು ವಾರ್ಡಿನ ಬಾಗಿಲಿಗೆ ಬಂದ. ಚಿಕ್ಕದರ ಕೈಯಲ್ಲಿ ಆ ಕೆಂಪು ವಿಮಾನವಿತ್ತು; ಅಕ್ಕ ಸ್ಟೂಲನ್ನು ಮಕ್ಕಳ ಕಡೆಗೆ ತಿರುಗಿಸಿಕೊಂಡಳು.