ನೆತ್ತಿ ತಟ್ಟಿದ ಅಪರಾಧ

ಆಕ್ಲೆಂಡಿನಲ್ಲಿ ಕೋರ್ಟಿನ ಕನ್ನಡ ದುಭಾಷಿಗೆ ವರ್ಷಕ್ಕೆ ಎರಡು ಕೇಸು ಸಿಕ್ಕರೆ ಹೆಚ್ಚು. ಅದರಲ್ಲಿ ಒಂದು ನಮ್ಮ ವಾಸಂತಿ ಆಂಟಿಯದೇ ಆಗಬೇಕೆ? ಮೈಸೂರಿನ ಈ ಹೆಂಗಸಿಗೆ ಒಂದು ಕೆಟ್ಟ ಗುಣವಿದೆ. ಮಾಡಿದ್ದನ್ನು ಮಾಡಿದೆ ಎಂದೇ ಹೇಳುತ್ತಾರೆ. ಅಂಥವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ನ್ಯಾಯಾಧೀಶರ ಮುಂದೆ ಇಡುವ ಸಂಕಟ ನನಗೇ ಗೊತ್ತು.

ಆಂಟಿ ಹಿಲ್ಸ್‌ಬರೋದ ಒಂದು ರೆಸ್ಟ್ ಹೋಮಿನಲ್ಲಿ ವಯಸ್ಸಾದವರಿಗೆ ಊಟ ಬಡಿಸುತ್ತಾರೆ. ಯಾರಿಗೆ ಉಪ್ಪು ಕಡಿಮೆ, ಯಾರು ಹಲ್ಲಿನ ಸೆಟ್ಟನ್ನು ತಟ್ಟೆಯ ಪಕ್ಕ ಮರೆತು ಹೋಗುತ್ತಾರೆ, ಎಲ್ಲ ಬಾಯಿಪಾಠ. ಅಡುಗೆಮನೆಗೆ ಬೇಕಾದಷ್ಟು ಇಂಗ್ಲಿಷ್ ಬರುತ್ತದೆ. ಊಟದ ನಡುವೆ ಯಾರಾದರೂ ಕೆಮ್ಮಿದರೆ ಓಡಿಬಂದು ನೆತ್ತಿ ತಟ್ಟುತ್ತಾರೆ. ನಮ್ಮಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ.

2006ರ ಒಂದು ಭಾನುವಾರ, ಅಲ್ಲಿದ್ದ ಎಂಬತ್ತೆಂಟರ ಡೊರೊತಿ ಅಜ್ಜಿಯನ್ನು ನೋಡಲು ಮಗ ಗ್ರೇಮ್ ಬಂದಿದ್ದ. ಗಡಿಯಾರ ನೋಡುತ್ತಾ ಸೂಪು ಕುಡಿಯುವಾಗ ಅವನಿಗೆ ನೆತ್ತಿಗೆ ಹತ್ತಿತು. ಆಂಟಿ ಹಿಂದಿನಿಂದ ಬಂದು ತಲೆಯ ಮೇಲೆ ಪಟಪಟನೆ ಮೂರು ಕೊಟ್ಟರು. ಕೆಮ್ಮು ನಿಂತಿತು, ಕನ್ನಡಕ ಸೂಪಿಗೆ ಬಿತ್ತು, ಊಟದ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಗ್ರೇಮ್ ನೇರವಾಗಿ ಪೊಲೀಸರ ಬಳಿ ಹೋಗಿ ಹಲ್ಲೆಯ ದೂರು ಕೊಟ್ಟ.

ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರೆ ಕೇಸು ವಾಪಸ್ ಎಂದರು ಪೊಲೀಸರು. ಶಿಕ್ಷೆಯಾದರೆ ಕೆಲಸ ಹೋಯಿತು ಎಂದರು ರೆಸ್ಟ್ ಹೋಮಿನವರು. ದುಭಾಷಿ ಬುದ್ಧಿ ಹೇಳಬಾರದು. ನಾನು ಹೇಳಿದೆ.

"ಸಾರಿ ಅಂದ್ಬಿಡಿ ಆಂಟಿ, ಮುಗ್ದೋಯ್ತು."

"ಯಾಕಪ್ಪಾ ಅನ್ಲಿ? ಉಸಿರು ಕಟ್ಟಿದೋನಿಗೆ ತಟ್ಟಿದೀನಿ. ಹೊಡೆದೆ ಅಂತ ನನ್ನ ಬಾಯಲ್ಲೇ ಹೇಳಿಸ್ಬೇಡ. ಕೆಲಸ ಹೋದ್ರೆ ಹೋಗ್ಲಿ," ಎಂದರು. ಕೆಲಸ ಹೋಗಲಿ ಎನ್ನುವಾಗ ಮಾತ್ರ ಧ್ವನಿ ಸಣ್ಣಗಾಯಿತು.

ಆಂಟಿಯ ವಕೀಲೆ ಬಿಡಿಸಿ ಹೇಳಿದರು. ಹಲ್ಲೆಗೆ ಸಿಟ್ಟೂ ಬೇಕಿಲ್ಲ, ಗಾಯವೂ ಬೇಕಿಲ್ಲ. ಬೇಕೆಂದೇ ಇನ್ನೊಬ್ಬರ ಮೈಮೇಲೆ ಬಲ ಹಾಕಿದರೆ ಸಾಕು. ಆದರೆ ಬಸ್ಸಿನ ನೂಕಾಟ, ಬೆನ್ನು ತಟ್ಟುವುದು, ಹೀಗೆ ನಾಲ್ಕು ಜನರ ನಡುವೆ ಬದುಕುವಾಗ ಆಗುವ ಸ್ಪರ್ಶಕ್ಕೆ ಎಲ್ಲರ ಒಪ್ಪಿಗೆ ಮೊದಲೇ ಇದೆಯೆಂದು ಕೋರ್ಟು ಎಣಿಸುತ್ತದೆ. ನೆತ್ತಿ ತಟ್ಟುವುದು ಆ ಲೆಕ್ಕಕ್ಕೆ ಸೇರುತ್ತದೆಯೇ ಎನ್ನುವುದೇ ಪ್ರಶ್ನೆ.

ಅಲ್ಲಿ ಸಣ್ಣ ಕೇಸುಗಳನ್ನು ಪೊಲೀಸರೇ ವಾದಿಸುತ್ತಾರೆ. ವಿಚಾರಣೆಯ ದಿನ ಪೊಲೀಸ್ ಸಾರ್ಜೆಂಟ್ ಕೇಳಿದ: "ಅವರ ತಲೆಗೆ ಬೀಳಬೇಕೆಂದೇ ಕೈ ಎತ್ತಿದಿರಾ?"

ಕೈ ತಾನಾಗಿ ಹೋಯಿತು ಎನ್ನಲಿ ದೇವರೇ ಎಂದುಕೊಂಡೆ.

"ಮತ್ತೇನು ಗಾಳಿಗೆ ಎತ್ತಿದ್ನಾ? ತಲೆಗೇ!"

ಹಾಗೇ ಇಂಗ್ಲಿಷಿಗೆ ತಿರುಗಿಸಿದೆ. ವಕೀಲೆ ಕಣ್ಣು ಮುಚ್ಚಿಕೊಂಡರು.

"ಅವರ ಅನುಮತಿ ಕೇಳಿದಿರಾ?"

"ಕೆಮ್ತಾ ಇರೋನು ಹೆಂಗ್ ಸ್ವಾಮಿ ಉತ್ತರ ಹೇಳ್ತಾನೆ?"

ನ್ಯಾಯಾಧೀಶರು ತಲೆ ತಗ್ಗಿಸಿ ಏನೋ ಬರೆಯತೊಡಗಿದರು. ನಗು ಅಡಗಿಸಿಕೊಳ್ಳಲಿಕ್ಕೇ ಇರಬೇಕು.

ಆಮೇಲೆ ಗಾಲಿಕುರ್ಚಿಯಲ್ಲಿ ಡೊರೊತಿ ಅಜ್ಜಿ ಸಾಕ್ಷಿಗೆ ಬಂದರು, ಮಗನ ಕಡೆಗಲ್ಲ, ಆಂಟಿಯ ಕಡೆಗೆ.

"ವಾಸಂತಿ ನಿಮ್ಮ ತಲೆಯನ್ನೂ ತಟ್ಟಿದ್ದಾರೆಯೇ?" ಎಂದು ವಕೀಲೆ ಕೇಳಿದರು.

"ವಾರಕ್ಕೆ ಮೂರು ಸಲ. ಆ ಊಟದ ಕೋಣೆಯಲ್ಲಿ ಎಲ್ಲರಿಗೂ ತಟ್ಟುತ್ತಾಳೆ. ನನ್ನ ಗಂಟಲಿಗೆ ಏನೂ ಆಗಿರುವುದಿಲ್ಲ. ನಾನು ಬೇಕೆಂದೇ ಕೆಮ್ಮುತ್ತೇನೆ. ನನ್ನ ತಲೆ ಮುಟ್ಟುವವರು ಇನ್ಯಾರೂ ಇಲ್ಲ."

ಇದನ್ನು ಆಂಟಿಯ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ. ಗ್ರೇಮ್ ತನ್ನ ಬೂಟು ನೋಡುತ್ತಾ ಕೂತಿದ್ದ.

ತೀರ್ಪು ಚಿಕ್ಕದು. ಬಲವೂ ಇತ್ತು, ಉದ್ದೇಶವೂ ಇತ್ತು. ಆದರೆ ಆ ಊಟದ ಕೋಣೆಯಲ್ಲಿ ಅದು ದಿನನಿತ್ಯದ ಸ್ಪರ್ಶ. ಕೆಮ್ಮುವವನು ಬೇಡವೆನ್ನುವುದಿಲ್ಲ ಎಂದು ಈಕೆ ಪ್ರಾಮಾಣಿಕವಾಗಿ ನಂಬಿದ್ದಳು. ಆದ್ದರಿಂದ ಕೇಸು ವಜಾ. ಆಂಟಿಯ ಕೆಲಸ ಉಳಿಯಿತು.

ಹೊರಗೆ ಕಾರಿಡಾರಿನಲ್ಲಿ ಗ್ರೇಮ್ ತಾಯಿಯ ಕುರ್ಚಿ ತಳ್ಳಿಕೊಂಡು ಬಂದ. ಆಂಟಿ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತರು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ.

"ಕಳ್ಳಿ! ಇಷ್ಟು ದಿನ ನಾಟಕ ಆಡ್ತಿದ್ಯಾ? ಕೇಳಿದ್ರೆ ನಾನು ಸುಮ್ಸುಮ್ನೇ ತಟ್ತಿರ್ಲಿಲ್ವಾ?"

ಕೋರ್ಟು ಮುಗಿದಿದ್ದರೂ ನಾನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

"ಕೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ," ಎಂದರು ಅಜ್ಜಿ. ಹಾಗೆ ಹೇಳುವಾಗ ಅವರು ಕತ್ತು ಹಿಂದಕ್ಕೆ ತಿರುಗಿಸಿ ಮಗನನ್ನೇ ನೋಡುತ್ತಿದ್ದರು.