ಡೂಕಣ್ಣನ ಕಿವಿಯ ಮಂತ್ರ

ಋಷಿಗಳು ಮಂತ್ರಕ್ಕಾಗಿ ಹಿಮಾಲಯ ಹತ್ತಿದರು. ಬಂಗಾರಪೇಟೆ ಸೀಮೆಯ ಕೋದಂಡಪ್ಪ ಪಕ್ಕದ ಚಿನ್ನದ ಗಣಿಯ ಊರಿಗಾಂವರೆಗೆ ಹೋಗಿಬಂದೇ ಅದನ್ನು ಗಳಿಸಿದ ಎಂದು ಊರಿಗೆ ಊರೇ ನಂಬಿತ್ತು. ದಿನಾ ಬೆಳಗ್ಗೆ ಅವನು ಹಿತ್ತಲಲ್ಲಿ ಕೂತು, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಿವಿಯ ಹತ್ತಿರ ಬಾಗಿ ಬಾಯಾಡಿಸುತ್ತಿದ್ದ. ಬಲಗಿವಿಗೆ ಹೇಳಿದರೆ ನಾಯಿ ಹುಲಿಯಂತೆ, ಎಡಗಿವಿಗೆ ಹೇಳಿದರೆ ಹಸುವಂತೆ. ಮಂತ್ರ ಇಂಗ್ಲಿಷಿನದೇ ಇರಬೇಕು ಎಂದು ತಿಳಿದವರು ತಲೆದೂಗಿದರು.

ಇದನ್ನು ಕೇಳಿದಾಗೆಲ್ಲ ಪಕ್ಕದ ಮನೆಯ ಬಚ್ಚಪ್ಪನ ಹೊಟ್ಟೆಯೊಳಗೆ ಒಲೆ ಉರಿಯುತ್ತಿತ್ತು.

ನಾಯಿ ಬುಲ್ ಟೆರಿಯರ್ ಜಾತಿಯದು. ಕೋದಂಡಪ್ಪ ಊರಿಗಾಂನಲ್ಲಿ ಬಿಳಿ ದೊರೆಯೊಬ್ಬನ ಬಂಗಲೆಯ ಮಾಲಿಯಾಗಿದ್ದ. ದೊರೆ ವಿಲಾಯತಿಗೆ ಹಡಗು ಹತ್ತುವಾಗ ಡ್ಯೂಕ್ ಎಂಬ ಆ ನಾಯಿಯನ್ನು ಇವನಿಗೆ ಒಪ್ಪಿಸಿದ. ಊರಿಗೆ ಬಂದು ಅದು ಡೂಕಣ್ಣನಾಯಿತು. ಮೊಟ್ಟೆಯಂಥ ಮೂತಿ, ಹುಣಸೆಬೀಜದಂಥ ಕಣ್ಣು ನೋಡಿದವರು ದಾರಿ ಬಿಟ್ಟು ಹೊಲಕ್ಕಿಳಿದರು.

"ಮಾರಿಕುಪ್ಪದಾಗೆ ಒಂದು ಎಮ್ಮೆಕರ ನುಂಗೈತಂತೆ," ಎಂದು ಬಚ್ಚಪ್ಪ ಮನೆಮನೆಗೂ ಹೇಳಿಬಂದ.

ಕೋದಂಡಪ್ಪ ನಾಯಿಯನ್ನು ಪಳಗಿಸುತ್ತ ಹೋದ. ಎರಡು ಹೊತ್ತೂ ಚರ್ಮದ ಪಟ್ಟಿ ಹಿಡಿದು ರೈಲ್ವೆ ಗೇಟಿನವರೆಗೆ ನಡೆಸಿದ. ಅದು ಉಣ್ಣುವಾಗ ಮಕ್ಕಳನ್ನು ದೂರವಿಟ್ಟ. ಒಂಟಿಯಾಗಿ ಕಟ್ಟಿಹಾಕಲೇ ಇಲ್ಲ. ವರ್ಷ ತಿರುಗುವುದರೊಳಗೆ, ಅವನು ಪಕ್ಕದಲ್ಲಿ ಕೂತಿದ್ದರೆ ಸಾಕು, ಕೇರಿಯ ಹುಡುಗರು ಡೂಕಣ್ಣನ ಹೊಟ್ಟೆ ಕೆರೆಯುವಷ್ಟಾಯಿತು.

ಬಚ್ಚಪ್ಪನಿಗೂ ಒಂದು ನಾಯಿಯಿತ್ತು, ಕರಿಯ. ಕಟ್ಟಿಹಾಕಿದಷ್ಟೂ ರೋಷ ಹೆಚ್ಚುತ್ತದೆಂದು ಅದನ್ನು ಹಗಲೆಲ್ಲ ಗೂಟಕ್ಕೆ ಬಿಗಿಯುತ್ತಿದ್ದ. ಆ ರೋಷದ ಬಲದಿಂದಲೇ ಹನ್ನೆರಡು ಸುಗ್ಗಿ ಊರ ಕಣದ ಕಾವಲು ಅವನದಾಗಿತ್ತು. ರಾಶಿಪೂಜೆಯ ದಿನ ಗೌಡರಿಗಿಂತ ಮೊದಲು ತಾಂಬೂಲ ಸಲ್ಲುವುದು ಕಾವಲುಗಾರನಿಗೆ. ಆ ಎರಡು ವೀಳ್ಯದೆಲೆಗಾಗಿ ಬಚ್ಚಪ್ಪ ವರ್ಷವಿಡೀ ಬದುಕುತ್ತಿದ್ದ.

ಈ ಸಲ ಆ ಎಲೆಗೇ ಕುತ್ತು ಬಂತು. ಗೌಡರಾದ ದೊಡ್ಡವೆಂಕಟಪ್ಪನವರು ಬಚ್ಚಪ್ಪನ ಮನೆಗೆ ಬಂದಾಗ ಕರಿಯ ಅವರ ಪಂಚೆ ಹರಿದುಹಾಕಿತು. ಅದೇ ಪಂಚೆಯಲ್ಲಿ ಅವರು ಕೋದಂಡಪ್ಪನ ಅಂಗಳಕ್ಕೆ ಹೋದರೆ, ಡೂಕಣ್ಣ ಅವರ ಪಾದದ ಮೇಲೆ ಗದ್ದವಿಟ್ಟು ಮಲಗಿತು.

"ಈ ಸುಗ್ಗಿಗೆ ಕಣ ಆ ದೊರೆ ನಾಯಿಗೇ ಅಂತೆ," ಎಂದಳು ಹೆಂಡತಿ ಅಮ್ಮಾಜಮ್ಮ, ಮುದ್ದೆ ಬಡಿಸುತ್ತ. "ಸುಮ್ನೆ ನೀನೂ ಓಗಿ ಆ ಮಂತ್ರ ಕಲಿಬಾರ್ದಾ."

ಕೇಳಿ ಕಲಿಯುವುದೇ? ಬಚ್ಚಪ್ಪ ಮೂರು ಬೆಳಗ್ಗೆ ಬೇಲಿಯ ಸಂದಿಯಲ್ಲಿ ಕಣ್ಣಿಟ್ಟು ಕೂತ. ಬಾಯಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕೊನೆಗೆ ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ಪೂರ್ವಕ್ಕೆ ಮುಖ ಮಾಡಿ, ಕರಿಯನ ಕಿವಿ ಹಿಡಿದೆಳೆದು "ಗುಡ್ಮಾರ್ನಿಂಗು, ಟಿಕೀಟು, ಸ್ಟೇಷನ್ನು" ಎಂದು ಊದಿದ. ಸ್ಟೇಷನ್ನು ಮುಗಿಯುವುದರೊಳಗೆ ಕರಿಯ ಅವನ ಮೂಗು ಹಿಡಿದಿತ್ತು.

ಮೂಗಿಗೆ ಅರಿಸಿನದ ಬಟ್ಟೆ ಸುತ್ತಿಕೊಂಡು ಬಚ್ಚಪ್ಪ ಬೇಲಿ ದಾಟಿದ. ಹುಟ್ಟಿದಮೇಲೆ ಮೊದಲ ಸಲ ಅವನನ್ನು ಅಣ್ಣ ಎಂದ.

"ಕೋದಂಡಣ್ಣ, ಕಣ ನೀನೇ ಇಟ್ಕೊ. ತಾಂಬೂಲದಾಗೆ ಒಂದೆಲೆ ನಂಗೆ ಕೊಟ್ರೆ ಸಾಕು. ಆ ಮಂತ್ರ ಏನಂತ ಏಳ್ಬಿಡು."

"ಯಾವ ಮಂತ್ರಲಾ?"

"ದಿನಾ ಕಿವಿಗೆ ಊದ್ತೀಯಲ್ಲ, ಅದು."

ಕೋದಂಡಪ್ಪ ಬಾಯಲ್ಲಿದ್ದ ಎಲೆಅಡಿಕೆ ಪಕ್ಕಕ್ಕೆ ಉಗಿದ.

"ಕಿವೀಲಿ ರಕ್ತ ಕುಡಿಯೋ ಉಣ್ಣೆ ಕೀಳ್ತೀನಿ ಕಣ್ಲಾ. ಎಲೆ ಅಗೀತಿದ್ರೆ ಬಾಯಿ ಆಡ್ತದೆ. ಕರಿಯನ್ನ ಕರ್ಕೊಂಡ್ ಬಾ, ಅವನ ಕಿವೀನೂ ನೋಡಣ. ಕಣ ನೀನೇ ಕಾಯಿ, ಗೌಡ್ರಿಗೆ ನೆನ್ನೇನೇ ಏಳ್ಬಿಟ್ಟೆ. ನಮ್ ನಾಯಿಗೆ ರಾತ್ರಿ ಕಣದ ಚಳಿ ಆಗಲ್ಲ."